ಟಗರು ಕೊಳ್ಳುವ ಮುಂಚೆ ನಾನು ಕೈಯಿಟ್ಟು ನೋಡುವುದು

ಮೊದಲ ಸಲ ಟಗರು ತಂದಾಗ ನಾನು ನೋಡಿದ್ದು ಬರೀ ಮೈಕಟ್ಟು. ಬಂಡೂರು ತಳಿ. ಗಿಡ್ಡ ಕಾಲು, ತುಂಬಿದ ತೊಡೆ, ಸಂತೆಯಲ್ಲಿ ಎಲ್ಲರೂ ತಿರುಗಿ ನೋಡುವ ಹಾಗಿತ್ತು. ದಲ್ಲಾಳಿ ಟವೆಲ್ ಕೆಳಗೆ ಬೆರಳು ಹಿಡಿದ, ವ್ಯಾಪಾರ ಮುಗಿಯಿತು.

ಮನೆಯಲ್ಲಿದ್ದ 18 ಕುರಿಗಳ ಜೊತೆ ಬಿಟ್ಟೆ. ಟಗರು ಸುಮ್ನೆ ಕೂತಿರಲಿಲ್ಲ, ಕುರಿಗಳ ಮೇಲೆ ಚೆನ್ನಾಗಿಯೇ ಹಾರುತ್ತಿತ್ತು. ಆದರೆ ಹದಿನೇಳು ಹದಿನೆಂಟು ದಿನ ಕಳೆದರೆ ಅದೇ ಕುರಿ ಮತ್ತೆ ಬೆದೆಗೆ ಬರುತ್ತಿತ್ತು, ಅಂದರೆ ಗಬ್ಬ ನಿಂತಿರಲಿಲ್ಲ. ಆ ವರ್ಷ ಮರಿ ಹಾಕಿದ್ದು ನಾಲ್ಕೇ ಕುರಿ. ಗೊಡ್ಡು ಅಂದುಕೊಂಡು ಎರಡನ್ನು ಮಾರಿಯೂ ಬಿಟ್ಟಿದ್ದೆ. ಪಾಪ, ಅವು ಏನು ಮಾಡಿದ್ದವು?

ಲಸಿಕೆ ಹಾಕಲು ಬಂದ ಡಾಕ್ಟರು ಟಗರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ನನ್ನ ಕೈ ಎಳೆದು ಅದರ ಬೀಜದ ಮೇಲಿಟ್ಟರು. ಎಡಗಡೆಯದು ಚಿಕ್ಕದು, ನಿಂಬೆಕಾಯಿಯ ಹಾಗೆ ಗಟ್ಟಿ. ಅದರ ಬುಡದಲ್ಲಿ ಅಡಿಕೆಯಂಥ ಗಂಟು. ಒಂದು ವರ್ಷ ದಿನಾ ಮೇವು ಹಾಕಿದ್ದೇನೆ, ಒಮ್ಮೆಯೂ ಅಲ್ಲಿ ಮುಟ್ಟಿ ನೋಡಿರಲಿಲ್ಲ.

ಎರಡನೇ ಸಲ ಸಂತೆಗೆ ಹೋಗಲಿಲ್ಲ. ಮಳವಳ್ಳಿ ಕಡೆಯ ಸಾಕುವವರ ಮನೆಗಳಿಗೇ ಹೋದೆ. ಅದೂ ಟಗರು ಬೇಕಾಗುವ ಎರಡು ತಿಂಗಳು ಮುಂಚೆ. ಟಗರಿನ ಮೈಯಲ್ಲಿ ವೀರ್ಯಾಣು ತಯಾರಾಗಲು ಸುಮಾರು 7 ವಾರ ಬೇಕು. ಅಲ್ಲಿಂದ ಹೊರಬರುವ ಹೊತ್ತಿಗೆ ಇನ್ನೂ ಒಂದೆರಡು ವಾರ. ಜೋರು ಜ್ವರ ಬಂದ ಟಗರು ವಾರದಲ್ಲಿ ಚುರುಕಾಗಿ ಓಡಾಡಬಹುದು, ಆದರೆ ಎರಡು ತಿಂಗಳು ಅದನ್ನು ನಂಬುವಂತಿಲ್ಲ. ಅದಕ್ಕೇ ರೇಟಿಗಿಂತ ಮುಂಚೆ ಕೇಳಿದ್ದು, "ಮಳೆಗಾಲದಲ್ಲಿ ನೀಲಿ ನಾಲಿಗೆ ರೋಗ ಬಂದಿತ್ತಾ? ಮೇವು ಬಿಟ್ಟಿತ್ತಾ?" ಮಾಲೀಕರು ಒಪ್ಪದಿದ್ದರೂ ಮನೆಯ ಹುಡುಗರು ನಿಜ ಹೇಳಿಬಿಡುತ್ತಾರೆ.

ಹಲ್ಲು, ಕಣ್ಣು, ಕಾಲು ಬೇಗ ಮುಗಿಯುತ್ತದೆ. ಹಾಲುಹಲ್ಲು ಬಿದ್ದು ಎರಡು ಅಥವಾ ನಾಲ್ಕು ದೊಡ್ಡ ಹಲ್ಲು ಬಂದದ್ದು ನನಗೆ ಸಾಕು. ಕಣ್ಣಿನ ಒಳರೆಪ್ಪೆ ಕೆಂಪಗಿರಬೇಕು, ಬಿಳಿಚಿದ್ದರೆ ಹೊಟ್ಟೆಯಲ್ಲಿ ಹುಳು ಇರಬಹುದು. ಒಂದಿಪ್ಪತ್ತು ಹೆಜ್ಜೆ ನಡೆಸುತ್ತೇನೆ. ಹಿಂಗಾಲು ಎಳೆದರೆ ಬೇಡ. ಹಾರುವಾಗ ಭಾರವೆಲ್ಲ ಬೀಳುವುದು ಅಲ್ಲೇ ಅಲ್ವಾ.

ಆಮೇಲೆ ನಿಜವಾದ ಕೆಲಸ. ಒಬ್ಬರು ತಲೆ ಹಿಡಿದುಕೊಳ್ಳಬೇಕು. ನಾನು ಹಿಂದೆ ಕೂತು ಎರಡೂ ಕೈಯಲ್ಲಿ ಚೀಲವನ್ನು ಮೆಲ್ಲಗೆ ಕೆಳಕ್ಕೆ ಜಗ್ಗುತ್ತೇನೆ. ಬೀಜ ಎರಡೂ ಒಂದೇ ಗಾತ್ರ ಇರಬೇಕು, ಚೀಲದೊಳಗೆ ಜಾರಾಡಬೇಕು. ಮುಷ್ಟಿ ಬಿಗಿದಾಗ ತೋಳಿನ ಮಾಂಸ ಇರುತ್ತಲ್ಲ, ಒತ್ತಿದರೆ ಹಾಗಿರಬೇಕು. ಹಣ್ಣಾದ ಟೊಮೆಟೊ ಥರ ಮೆತ್ತಗಿದ್ದರೆ ಬಿಡಿ, ಕಲ್ಲಿನ ಹಾಗಿದ್ದರೂ ಬಿಡಿ. ಬುಡದಲ್ಲಿ ಒಂದೊಂದು ಉಬ್ಬು ಇರುತ್ತದೆ. ಅದು ರೋಗದ ಗಂಟಲ್ಲ, ವೀರ್ಯ ಕೂಡಿಡುವ ಜಾಗ. ಅದು ತುಂಬಿಕೊಂಡು, ಎರಡೂ ಕಡೆ ಸಮವಾಗಿರಬೇಕು. ಒಂದು ಕಡೆ ಮಾತ್ರ ಊದಿ ಗಟ್ಟಿಯಾಗಿದ್ದರೆ ಸೋಂಕು ಆಗಿಹೋಗಿದೆ ಅಂತ ಲೆಕ್ಕ. ಅಂಥದ್ದೊಂದನ್ನು ಎರಡನೇ ಮನೆಯಲ್ಲೇ ಬಿಟ್ಟು ಬಂದೆ. ನೋಡಲು ಅದೇ ಎಲ್ಲಕ್ಕಿಂತ ಚೆಂದ ಇತ್ತು.

ಮೂರನೇ ಮನೆಯಲ್ಲಿ ಜೇಬಿಂದ ಟೈಲರ್ ಟೇಪು ತೆಗೆದಾಗ ಯಜಮಾನರು ನಕ್ಕುಬಿಟ್ಟರು. "ಯಾಕಣ್ಣ, ಚಡ್ಡಿ ಹೊಲಿಸ್ತೀಯಾ ಇದಕ್ಕೆ?" ಅತಿ ದಪ್ಪ ಇರುವ ಕಡೆ ಸುತ್ತಳತೆ 29 ಸೆಂ.ಮೀ. ಪಕ್ಕದಲ್ಲೇ ಕಟ್ಟಿದ್ದ, ಅದೇ ವಯಸ್ಸಿನ ಇನ್ನೊಂದು ಟಗರಿಗೆ 24. ದೊಡ್ಡ ವಿದೇಶಿ ತಳಿಗಳಿಗೆ 32, 33 ಬೇಕು ಅಂತಾರೆ. ನಮ್ಮ ಗಿಡ್ಡ ತಳಿಗೆ ಆ ಲೆಕ್ಕ ಹಿಡಿಯಬೇಡಿ, ಒಂದೇ ವಯಸ್ಸಿನವನ್ನು ಅಕ್ಕಪಕ್ಕ ಅಳೆದು ನೋಡಿ.

ಕೊನೆಗೆ ಟಗರನ್ನು ಅಂಡಿನ ಮೇಲೆ ಕೂರಿಸಿ ಮರ್ಮಾಂಗ ಹೊರಗೆಳೆದು ನೋಡಬೇಕು. ತುದಿಯಲ್ಲಿ ಎರೆಹುಳುವಿನಂಥ ಸಣ್ಣ ಎಳೆ ಇರುತ್ತದೆ. ಮೂತ್ರದ ಕಲ್ಲು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಅಲ್ಲೇ. ಗಾಯ, ಕೀವು ಇರಬಾರದು. ನನಗೆ ಇದು ಒಬ್ಬನಿಗೇ ಆಗಲಿಲ್ಲ, ಯಜಮಾನರೇ ಕೂರಿಸಿ ಹಿಡಿದರು.

ಮುಂಗಡ ಕೊಡುವಾಗ ಒಂದು ಮಾತು ಹಾಕಿದ್ದೆ. ಡಾಕ್ಟರು ಪಾಸು ಮಾಡಿದರೆ ಮಾತ್ರ ಬಾಕಿ ಹಣ. ಕಂದು ಹಾಕುವ, ಅಂದರೆ ಗಬ್ಬ ಬೀಳಿಸುವ ರೋಗ ಇದೆಯಾ ಅಂತ ನೋಡಲು ರಕ್ತ ತೆಗೆಸಿದೆ. ಆ ರೋಗ ತರುವ ಬ್ರುಸೆಲ್ಲಾ ಎಂಬ ರೋಗಾಣು ಮನುಷ್ಯರಿಗೂ ಅಂಟಬಹುದು, ಟಗರು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ವೀರ್ಯವನ್ನೂ ತೆಗೆಸಿ ನೋಡಿದೆವು. ಸೂಕ್ಷ್ಮದರ್ಶಕದಲ್ಲಿ ಒಂದು ಹನಿ ಇಟ್ಟು ಡಾಕ್ಟರು ನನ್ನನ್ನು ಕರೆದರು. ಕುದಿಯುವ ಗಂಜಿಯ ಹಾಗೆ ಇಡೀ ಹನಿ ಸುಳಿಸುಳಿಯಾಗಿ ಉರುಳುತ್ತಿತ್ತು. ಇವತ್ತು ಚೆನ್ನಾಗಿದೆ ಅಂತಷ್ಟೇ ಇದರ ಅರ್ಥ, ನಾಳೆ ಜ್ವರ ಬಂದರೆ ಮತ್ತೆ ಮೊದಲಿಂದ ಅಂದರು.

ತಂದು ಮೂರು ವಾರ ಬೇರೆ ಕಟ್ಟಿದೆ. ಆಮೇಲೆ ಹರಳೆಣ್ಣೆಯಲ್ಲಿ ಕೆಮ್ಮಣ್ಣು ಕಲಸಿ ಅದರ ಎದೆಗೆ ಬಳಿದು ಕುರಿಗಳ ಜೊತೆ ಬಿಟ್ಟೆ. ಹಾರಿದ ಕುರಿಯ ಸೊಂಟದ ಮೇಲೆ ಕೆಂಪು ಬೀಳುತ್ತದೆ. 16 ಕುರಿಗಳಿಗೂ ಬಿತ್ತು. 17 ದಿನ ಆದ ಮೇಲೆ, ಯಾವುದು ಮತ್ತೆ ಬೆದೆಗೆ ಬಂತು ಅಂತ ಗೊತ್ತಾಗಲು, ಬಣ್ಣ ಬದಲಿಸಿ ಬಟ್ಟೆಗೆ ಹಾಕುವ ನೀಲಿ ಪುಡಿ ಬಳಿದೆ. ಎರಡು ದಿನಕ್ಕೊಮ್ಮೆ ಮತ್ತೆ ಬಳಿಯಬೇಕು, ಇಲ್ಲದಿದ್ದರೆ ಉಜ್ಜಿ ಹೋಗುತ್ತದೆ. ಈ ಸಲ ನೀಲಿ ಕಂಡಿದ್ದು ಎರಡು ಕುರಿಗಳ ಮೇಲೆ ಮಾತ್ರ. ಅದರಲ್ಲೊಂದು ಹಳೇ ಮುದುಕಿ, ಹಲ್ಲು ಉದುರಿದ್ದು.