ಓವೆನ್ ಲವ್‌ಜಾಯ್ ಬಗ್ಗೆ ಕನ್ನಡದಲ್ಲಿ ಬರೆದಿದ್ದು - ನನ್ನ ಅನುಭವ

ಹೋದ ವರ್ಷ ಇಲ್ಲಿ ನಮ್ಮ ಕನ್ನಡ ಕೂಟದ ರಾಜ್ಯೋತ್ಸವ ಸಂಚಿಕೆಗೆ ಅಮೆರಿಕದ ಇಲಿನಾಯ್ ರಾಜ್ಯದ ಯಾರಾದ್ರೂ ಒಬ್ಬರ ಬಗ್ಗೆ ಬರ್ಕೊಡಿ ಅಂದ್ರು. ಲಿಂಕನ್ ಬಗ್ಗೆ ಎಲ್ಲರಿಗೂ ಗೊತ್ತು, ಅದಕ್ಕೆ ನಾನು ಅದೇ ಕಾಲದಲ್ಲಿ ಗುಲಾಮಗಿರಿ ವಿರುದ್ಧ ಹೋರಾಡಿದ ಓವೆನ್ ಲವ್‌ಜಾಯ್ ಅವರನ್ನ ತಗೊಂಡೆ. ಶಿಕಾಗೋದಿಂದ ಸುಮಾರು ಎರಡು ಗಂಟೆ ದೂರ ಪ್ರಿನ್ಸ್‌ಟನ್ ಅಂತ ಊರು, ಅಲ್ಲಿ ಅವರ ಮನೆ ಈಗ ಮ್ಯೂಸಿಯಂ.

ಮೊದಲ ಸಲ ಬರೆದಾಗ 1811ರಲ್ಲಿ ಮೇಯ್ನ್ ರಾಜ್ಯದಲ್ಲಿ ಹುಟ್ಟಿದ್ರು, ಪಾದ್ರಿ, ರೈತ, 1854ರಲ್ಲಿ ರಾಜ್ಯದ ವಿಧಾನಸಭೆಗೆ ಗೆದ್ರು, ಆಮೇಲೆ ಕಾಂಗ್ರೆಸ್ ಸದಸ್ಯರಾದ್ರು, 1864ರಲ್ಲಿ ತೀರ್ಕೊಂಡ್ರು ಅಂತ ಬಯೋಡೇಟಾ ಥರ ಆಗಿತ್ತು. ಹಾಸನದಲ್ಲಿರೋ ಅಕ್ಕನಿಗೆ ಕಳಿಸಿದೆ. ಫೋನ್ ಮಾಡಿ "ಅಲ್ವೋ, ಒಂದ್ಕಡೆ ಕಾಂಗ್ರೆಸ್ ಅಂತೀಯ ಇನ್ನೊಂದ್ಕಡೆ ರಿಪಬ್ಲಿಕನ್ ಪಾರ್ಟಿ ಅಂತೀಯ, ಯಾವ ಪಾರ್ಟಿನೋ ಇವ್ರು? ಆಗ್ಲೇ ಅಲ್ಲಿ ನೆಲದೊಳಗೆ ರೈಲು ಓಡ್ತಿತ್ತಾ?" ಅಂದ್ಲು. ತಪ್ಪು ನಂದೇ. ಇವರ ಪಾರ್ಟಿ ರಿಪಬ್ಲಿಕನ್, ಕಾಂಗ್ರೆಸ್ ಅಂದ್ರೆ ಅಮೆರಿಕದ ಸಂಸತ್ತು, ಅದಕ್ಕೆ ಕಾಂಗ್ರೆಸ್ ಅನ್ನೋದನ್ನ ಎಲ್ಲಾ ಕಡೆ ಸಂಸತ್ತು ಅಂತ ಬದಲಾಯಿಸಿದೆ. ಅಂಡರ್‌ಗ್ರೌಂಡ್ ರೈಲ್‌ರೋಡ್ ಅನ್ನೋದನ್ನ ಭೂಗತ ರೈಲು ಅಂತ ಬರೆದಿದ್ದೆ, ಆದ್ರೆ ಅಲ್ಲಿ ರೈಲೂ ಇಲ್ಲ ಸುರಂಗವೂ ಇಲ್ಲ, ಗುಲಾಮಗಿರಿ ಇದ್ದ ದಕ್ಷಿಣದ ರಾಜ್ಯಗಳಿಂದ ತಪ್ಪಿಸ್ಕೊಂಡು ಬಂದ ಗುಲಾಮರನ್ನ ಒಂದು ಮನೇಲಿ ಬಚ್ಚಿಟ್ಟು, ಊಟ ಹಾಕಿ, ಗುಟ್ಟಾಗಿ ಮುಂದಿನ ಮನೆಗೆ ತಲುಪಿಸ್ತಾ ಉತ್ತರಕ್ಕೆ ಕಳಿಸ್ತಿದ್ರು ಅಷ್ಟೇ. ಅದನ್ನ ಮೊದಲು ಹೇಳಿ ಹೆಸರನ್ನ ಆಮೇಲೆ ಹಾಕಿದೆ.

ಇನ್ನೊಂದು ಸಲ ಪ್ರಿನ್ಸ್‌ಟನ್‌ಗೆ ಹೋಗಿ ಬಂದ ಮೇಲೆ ಪೂರ್ತಿ ಬೇರೆ ಥರ ಬರೆದೆ. 1837ರ ನವೆಂಬರ್ 7ರ ರಾತ್ರಿಯಿಂದ ಶುರು ಮಾಡಿದೆ. ಇಲಿನಾಯ್‌ನ ಆಲ್ಟನ್ ಊರಲ್ಲಿ ಓವೆನ್ ಅವರ ಅಣ್ಣ ಎಲೈಜಾ ಗುಲಾಮಗಿರಿ ವಿರುದ್ಧ ಪತ್ರಿಕೆ ನಡೆಸ್ತಿದ್ರು, ಪ್ರಿಂಟಿಂಗ್ ಪ್ರೆಸ್ ಒಡೆಯೋಕೆ ಬಂದ ಗುಂಪು ಅವರನ್ನ ಗುಂಡಿಟ್ಟು ಕೊಂದಿತು. ಮುಂದಿನ ವರ್ಷ ಓವೆನ್ ಪ್ರಿನ್ಸ್‌ಟನ್‌ಗೆ ಪಾದ್ರಿಯಾಗಿ ಬಂದ್ರು. 1843ರಲ್ಲಿ ಯೂನಿಸ್ ಅನ್ನೋ ವಿಧವೆಯನ್ನ ಮದುವೆ ಆದ್ರು, ಮನೆ, ಜಮೀನು ಆಕೆಯ ಕಡೆಯದು. ಅದೇ ವರ್ಷ ಓಡಿಬಂದ ಗುಲಾಮ ಹೆಂಗಸರಿಗೆ ಆಶ್ರಯ ಕೊಟ್ಟಿದ್ದಕ್ಕೆ ಇವರ ಮೇಲೆ ಕೇಸ್ ನಡೀತು, ಗೆದ್ದು ಬಂದ್ರು.

ಇಲ್ಲೇ ನಂಗೆ ಶಾಸಕರ ಕಥೆ ಸಿಕ್ಕಿದ್ದು. 1850ರ ದೇಶದ ಕಾನೂನು ಪ್ರಕಾರ ಓಡಿಬಂದವರಿಗೆ ಸಹಾಯ ಮಾಡಿದ್ರೆ 1000 ಡಾಲರ್ ತನಕ ದಂಡ, 6 ತಿಂಗಳ ತನಕ ಜೈಲು. ಇನ್ನು ಇಲಿನಾಯ್ ವಿಧಾನಸಭೆ 1853ರಲ್ಲಿ ಕಪ್ಪುಜನ ಹೊರಗಿಂದ ಬಂದು ಈ ರಾಜ್ಯದಲ್ಲಿ ನೆಲೆಸಬಾರದು ಅಂತಲೇ ಕಾನೂನು ಮಾಡಿತ್ತು. ಹಗಲೂ ರಾತ್ರಿ ಅಂಥವರಿಗೇ ಬಾಗಿಲು ತೆಗೀತಿದ್ದ ಮನುಷ್ಯ 1855ರಲ್ಲಿ ಅದೇ ಸಭೆಗೆ ಹೋಗಿ ಕೂತರು! ಇದನ್ನ ಬರೀವಾಗ ನಿಜವಾಗ್ಲೂ ಕೈ ನಿಂತೋಯ್ತು.

1859ರಲ್ಲಿ ಸಂಸತ್ತಲ್ಲಿ ಎದ್ದು ನಿಂತು ಅವರು ತಮ್ಮ ಅಡ್ರೆಸ್ಸನ್ನೇ ಹೇಳಿದ್ರು. ನಾನದನ್ನ ಕನ್ನಡಕ್ಕೆ ಹೀಗೆ ತಂದೆ, ಲೇಖನ ಮುಗಿಯೋದೂ ಇಲ್ಲೇ: "ಓವೆನ್ ಲವ್‌ಜಾಯ್ ಇರೋದು ಇಲಿನಾಯ್‌ನ ಪ್ರಿನ್ಸ್‌ಟನ್‌ನಲ್ಲಿ, ಊರಿಂದ ಮುಕ್ಕಾಲು ಮೈಲಿ ಪೂರ್ವಕ್ಕೆ, ಓಡಿಬಂದು ಬಾಗಿಲಲ್ಲಿ ನಿಂತು ಸಹಾಯ ಕೇಳಿದ ಪ್ರತಿಯೊಬ್ಬರಿಗೂ ಸಹಾಯ ಮಾಡ್ತಾನೆ."