ಹಳೇ ಮನೆ ಕೊಂಡಿದ್ದೀರಾ? ಟಬ್ಬಿನ ಕೆಳಗೆ ಒಮ್ಮೆ ಬಗ್ಗಿ ನೋಡಿ

ನ್ಯೂಜೆರ್ಸಿ ಕಡೆ 1950ಕ್ಕೂ ಹಿಂದಿನ ಮನೆ ಕೊಂಡಿದ್ದರೆ ದೀಪಾವಳಿಯ ಎಣ್ಣೆಸ್ನಾನಕ್ಕೆ ಮುಂಚೆ ಇದನ್ನು ಓದಿಬಿಡಿ. ನಮ್ಮ ಮನೆಯಲ್ಲಿ ಮಕ್ಕಳಿಗೆ ಹರಳೆಣ್ಣೆ ಹಚ್ಚಿ, ಸೀಗೆಪುಡಿ ಉಜ್ಜಿ ನೀರು ಹಾಕಿದ್ದೇ ತಡ, ಟಬ್ಬು ಕೆರೆಯಾಯಿತು. ನಾನು ಡ್ರೈನ್ ಕ್ಲೀನರ್ ತಂದು ಸುರಿದೆ. ಹಾಗೆ ಮಾಡಬಾರದಿತ್ತು. ನೀರು ಇಳಿಯಲಿಲ್ಲ, ಜೊತೆಗೆ ರಾಸಾಯನಿಕ ಬೆರೆತು ಕೈ ಸುಡುವಂಥ ನೀರು ನಿಂತಿತು. ನೀವೇನಾದರೂ ಸುರಿದಿದ್ದರೆ ಪ್ಲಂಬರ್‌ಗೆ ಬಾಗಿಲಲ್ಲೇ ಹೇಳಿಬಿಡಿ.

ನಮ್ಮಲ್ಲಿ ಕಟ್ಟಿಕೊಂಡಿದ್ದು ಡ್ರಮ್ ಟ್ರ್ಯಾಪ್. ಒಳಗೆ ನೀರು ನಿಲ್ಲಿಸಿಕೊಂಡು ಚರಂಡಿ ವಾಸನೆ ತಡೆಯಲು ನೆಲದಡಿ ಕೂತಿರುವ ಸೀಸದ ಡಬ್ಬಿ ಅದು, ಕೆಲವು ಮನೆಗಳಲ್ಲಿ ಬೀಡುಕಬ್ಬಿಣದ್ದೂ ಇರುತ್ತದೆ. ಟಬ್ಬಿನ ಪಕ್ಕ ನೆಲದಲ್ಲಿ ದುಂಡಗಿನ ಲೋಹದ ಮುಚ್ಚಳ ಕಂಡರೆ ಬಹುಮಟ್ಟಿಗೆ ಅದೇ. ಕೂದಲು, ಜಿಡ್ಡು ಎಲ್ಲ ತಳದಲ್ಲಿ ಕೂರುತ್ತದೆ, ಸ್ನೇಕ್ (ಕಟ್ಟಿಕೊಂಡ ಪೈಪು ಬಿಡಿಸುವ ಉದ್ದನೆಯ ಬಳುಕು ತಂತಿ) ತೂರಿಸಿದರೆ ಡಬ್ಬಿಯೊಳಗೇ ಸುರುಳಿ ಸುತ್ತುತ್ತದೆ. ಈಗ ಹೊಸದಾಗಿ ಹಾಕಲು ಪ್ಲಂಬಿಂಗ್ ಕೋಡ್, ಅಂದರೆ ಅಲ್ಲಿನ ನಿಯಮ, ಬಿಡುವುದಿಲ್ಲ. ತೆಗೆಸಿ ಪಿ-ಟ್ರ್ಯಾಪ್ (ಅದೇ ಕೆಲಸ ಮಾಡುವ ಬಾಗಿದ ಪೈಪು) ಹಾಕಿಸಿ.

ಡ್ರೈನಿನ ಬಾಯಿಯನ್ನು ನೀವೇ ರೆಂಚ್ ಹಿಡಿದು ತಿರುಗಿಸಲು ಹೋಗಬೇಡಿ. ಹಳೇ ಹಿತ್ತಾಳೆ ಪೈಪು ಸವೆದು ಕಾಗದದಂತಾಗಿರುತ್ತದೆ, ಒಳಗೆಲ್ಲೋ ಮುರಿದರೆ ಕೆಳಗಿನ ಅಡುಗೆಮನೆಯ ಸೀಲಿಂಗ್ ನೆನೆಯುತ್ತದೆ. ಮೊದಲು ಟಬ್ಬಿನ ಹಿಂದಿನ ಗೋಡೆಯಲ್ಲಿ ಪೈಪು ತಲುಪಲು ಪುಟ್ಟ ಬಾಗಿಲಿದೆಯಾ ನೋಡಿ, ಎಷ್ಟೋ ಮನೆಯಲ್ಲಿ ಅದು ಬಟ್ಟೆ ಕ್ಲಾಸೆಟ್ಟಿನೊಳಗೆ ಅಡಗಿರುತ್ತದೆ.

ಪ್ಲಂಬರ್ ಟ್ರ್ಯಾಪ್ ಒಂದನ್ನೇ ಬದಲಿಸುತ್ತೇನೆ ಎಂದರೆ ಸುಮ್ನೆ ಒಪ್ಪಬೇಡಿ. ಅದಕ್ಕೆ ಸೇರಿದ ಗ್ಯಾಲ್ವನೈಸ್ಡ್ (ಸತು ಲೇಪಿಸಿದ ಕಬ್ಬಿಣದ) ಪೈಪು ಹೊರಗಿಂದ ಗಟ್ಟಿಯಾಗಿ ಕಂಡರೂ ಒಳಗೆ ತುಕ್ಕು ಕಟ್ಟಿ ಬೆರಳೂ ಹೋಗದಂತಾಗಿರುತ್ತದೆ. ಗಟ್ಟಿ ಪೈಪು ಸಿಗುವವರೆಗೂ ಕತ್ತರಿಸಿ, ಅಲ್ಲಿಂದ ಪಿವಿಸಿ ಹಾಕಲಿ. ಟಬ್ಬಿಗೆ ಒಂದೂವರೆ ಇಂಚು ಸಾಕು, ನಮ್ಮ ಎಣ್ಣೆ ಸಂಸಾರ ನೋಡಿ ನಾವು 2 ಇಂಚಿನದು ಹಾಕಿಸಿದೆವು. ಒಂದು ಅಡಿಗೆ ಕಾಲು ಇಂಚು ಇಳಿಜಾರು ಬೇಕು. ವೆಂಟ್, ಅಂದರೆ ಡ್ರೈನಿಗೆ ಗಾಳಿ ಬರುವ ಪೈಪು, ಇದೆಯಾ ಅಂತಲೂ ಕೇಳಿ. ಅದಿಲ್ಲದಿದ್ದರೆ ಟ್ರ್ಯಾಪಿನಲ್ಲಿ ನಿಲ್ಲಬೇಕಾದ ನೀರು ಎಳೆದುಹೋಗಿ ಚರಂಡಿ ವಾಸನೆ ಮನೆಗೆ ನುಗ್ಗುತ್ತದೆ. ಸೀಸ ಕತ್ತರಿಸುವ ದಿನ ಮಕ್ಕಳನ್ನು ಹತ್ತಿರ ಬಿಡಬೇಡಿ. 1978ರ ಹಿಂದಿನ ಮನೆಯಾದರೆ ಗೋಡೆಯ ಬಣ್ಣದಲ್ಲೂ ಸೀಸ ಇರಬಹುದು.

ಕೆಲಸ ಮುಗಿದ ಮೇಲೆ ಟಬ್ಬು ಓವರ್‌ಫ್ಲೋ ತೂತಿನವರೆಗೂ ತುಂಬಿಸಿ ಒಮ್ಮೆಲೇ ಬಿಡಿ. ಕೆಳಗೆ ಟಾರ್ಚ್ ಹಿಡಿದು ಪ್ರತಿ ಜಾಯಿಂಟಿಗೂ ಟಿಶ್ಯೂ ಒತ್ತಿ ನೋಡಿ. ಪರ್ಮಿಟ್ ಬೇಕಾ ಅಂತ ಟೌನ್ ಆಫೀಸಿನಲ್ಲಿ ಮೊದಲೇ ಕೇಳಿಕೊಳ್ಳಿ, ಟೌನಿನ ಇನ್‌ಸ್ಪೆಕ್ಟರ್ ನೋಡುವ ತನಕ ಕೆಲಸಕ್ಕಾಗಿ ಕೊಯ್ದ ಸೀಲಿಂಗ್ ಮುಚ್ಚಬೇಡಿ. ನಾವು ಮುಚ್ಚಿ, ಬಣ್ಣ ಬಳಿದು, ಮತ್ತೆ ಕೊಯ್ದೆವು.