ನಿದ್ದೆಗೆಲ್ಲಿಯ ಸಾಲ?

ಮೊದಲ ತಪ್ಪು ಆಗಿದ್ದು ಷೇಕ್ಸ್‌ಪಿಯರ್‌ನ 'ಒಥೆಲ್ಲೋ' ನಾಟಕದ ಅನುವಾದದಲ್ಲಿ. ನಮ್ಮ ಹವ್ಯಾಸಿ ತಂಡಕ್ಕೆ ಅಂತ ಒಂದೆರಡು ದೃಶ್ಯ ಕನ್ನಡಕ್ಕೆ ತರುತ್ತಿದ್ದೆ. ಒಥೆಲ್ಲೋನ ತಲೆಯಲ್ಲಿ ಸಂಶಯದ ಹುಳ ಬಿಟ್ಟಾದ ಮೇಲೆ ಇಯಾಗೋ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾನೆ: ಇನ್ನು ಯಾವ ಮದ್ದು ಕುಡಿಸಿದರೂ ನಿನ್ನೆಯ ಆ ಸವಿನಿದ್ದೆ ನಿನಗೆ ವಾಪಸ್ ಬರಲ್ಲ ಅಂತ. ಮೂಲದಲ್ಲಿ ಆ ನಿದ್ದೆಯ ಪಕ್ಕ ಒಂದು ಪುಟ್ಟ ಕ್ರಿಯಾಪದ ಇದೆ. ಓ, ಡಬ್ಲ್ಯು, ಇ. ಉಚ್ಚಾರ ಬರೀ 'ಓ'. ಸಾಲ ಇರುವುದು ಅಂತ ಶಾಲೆಯಲ್ಲಿ ಕಲಿತಿದ್ದೆ. ಹಾಗೇ ಬರೆದೆ: 'ನಿನ್ನೆ ನೀನು ಸಾಲ ಮಾಡಿದ್ದ ಆ ನಿದ್ದೆ.' ಏನು ಕಾವ್ಯ ಅಂದುಕೊಂಡು ಬೀಗಿದ್ದೂ ಉಂಟು.

ಓದಿಸುವಾಗ ಇಯಾಗೋ ಪಾತ್ರದ ಹುಡುಗ ಕೇಳಿದ, "ಸರ್, ನಿದ್ದೆಗೆಲ್ಲಿಯ ಸಾಲ?"

ಉತ್ತರ ಇರಲಿಲ್ಲ. ಮನೆಗೆ ಬಂದು ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟು ನೋಡಿದೆ. ಅದರಲ್ಲಿ ಪ್ರತಿ ಅರ್ಥದ ಕೆಳಗೂ ಅದು ಬಳಕೆಯಲ್ಲಿದ್ದ ಇಸವಿ, ಉದಾಹರಣೆ ಇರುತ್ತವೆ. ನೋಡಿದರೆ 'ಓ' ಅಂದರೆ ಮೊದಲು ಸಾಲವೇ ಅಲ್ಲ! ಹಳೆಯ ಇಂಗ್ಲಿಷಿನ 'ಆಗನ್' ಅನ್ನೋ ಪದದಿಂದ ಬಂದದ್ದು. ಅದರರ್ಥ 'ತನ್ನದಾಗಿ ಇರುವುದು'. ಸ್ವಂತ ಅನ್ನೋ ಅರ್ಥದ 'ಓನ್' ಕೂಡ ಅದೇ ಬಳ್ಳಿಯದು. ಇಯಾಗೋ ಹೇಳುತ್ತಿದ್ದದ್ದು 'ನಿನ್ನೆ ನಿನ್ನದಾಗಿದ್ದ ನಿದ್ದೆ' ಅಂತ, ಅಷ್ಟೇ. ಕೈಯಲ್ಲಿರುವುದು ಅನ್ನೋದರಿಂದ ಕೊಡಲಿಕ್ಕಿರುವುದು ಅನ್ನೋದಕ್ಕೆ ಪದ ನಿಧಾನಕ್ಕೆ ಜರುಗಿದೆ. ಷೇಕ್ಸ್‌ಪಿಯರ್ ಕಾಲಕ್ಕೆ ಎರಡೂ ಅರ್ಥ ಒಟ್ಟಿಗೇ ಓಡಾಡುತ್ತಿದ್ದವು.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟೆ. ಸಾಲಕ್ಕೆ ಸಂಬಂಧಪಟ್ಟ ಯಾವ ಪದ ಸಿಕ್ಕರೂ ಎಡಗಡೆ ಅದು, ನಡುವೆ ಆ ಕಾಲದ ಅರ್ಥ, ಬಲಗಡೆ ಕನ್ನಡದಲ್ಲಿ ಜನ ನಿಜವಾಗಿ ಆಡುವ ಮಾತು. ಬಲಗಡೆಯದೇ ಜಾಸ್ತಿ ಕಷ್ಟ.

ಆ ನೋಟ್‌ಬುಕ್ಕಿಗೆ ನಿಜವಾದ ಕೆಲಸ ಬಿದ್ದಿದ್ದು ನಾಲ್ಕನೇ ಹೆನ್ರಿ ನಾಟಕದ ಮೊದಲ ಭಾಗ ಕೈಗೆತ್ತಿಕೊಂಡಾಗ. 1598ರಲ್ಲಿ ಅಚ್ಚಾದ ನಾಟಕ. ಅದರ ತುಂಬ ಸಾಲ. ಹೆಂಡದಂಗಡಿಯ ಒಡತಿ ಕ್ವಿಕ್ಲಿ, ಡೊಳ್ಳುಹೊಟ್ಟೆಯ ಫಾಲ್‌ಸ್ಟಾಫ್‌ನ ಲೆಕ್ಕ ಒಪ್ಪಿಸುತ್ತಾಳೆ: ಒಂದು ಡಜನ್ ಅಂಗಿ, ಅದೂ ಎಂಟು ಶಿಲಿಂಗಿನ ಬಟ್ಟೆಯವು. ಅದರ ಮೇಲೆ ಊಟದ್ದು, ನಡುನಡುವೆ ಕುಡಿದದ್ದು, ಕೈಗೆ ಕೊಟ್ಟ ದುಡ್ಡು, ಸೇರಿ ಇಪ್ಪತ್ನಾಲ್ಕು ಪೌಂಡು. ನಾನು ಎಲ್ಲದಕ್ಕೂ 'ಸಾಲ' ಅಂತ ಬರೆದಿದ್ದೆ. ಕ್ವಿಕ್ಲಿ ಪಾತ್ರ ಮಾಡುತ್ತಿದ್ದವರ ಅಪ್ಪನದು ಕಿರಾಣಿ ಅಂಗಡಿ. ಅವರು ಪೆನ್ನು ತಗೊಂಡು ತಿದ್ದೇಬಿಟ್ಟರು. "ಸರ್, ಊಟ, ಕುಡಿತ ಉದ್ರಿ. ಕೈಗೆ ಕೊಟ್ಟಿದ್ದು ಕೈಗಡ. ಅಂಗಡಿಯವಳು ಎರಡನ್ನೂ ಕಲಸ್ತಾಳಾ?" ಎಷ್ಟು ಸರಿ ಅಲ್ವಾ!

ಅದೇ ದೃಶ್ಯದಲ್ಲಿ ಇನ್ನೊಂದು ಸಾಲು. ನೀವು ತನಗೆ ಸಾವಿರ ಪೌಂಡ್ ಬಾಕಿ ಅಂತ ಫಾಲ್‌ಸ್ಟಾಫ್ ಹೇಳಿದ, ಅಂತ ಕ್ವಿಕ್ಲಿ ರಾಜಕುಮಾರ ಹ್ಯಾಲ್‌ಗೆ ಚಾಡಿ ಹೇಳುತ್ತಾಳೆ. ಅಲ್ಲಿರುವ ಕ್ರಿಯಾಪದ 'ಆಟ್'. 'ಮಾಡಬೇಕು' ಅನ್ನೋ ಉಪದೇಶಕ್ಕೆ ಈಗ ಬಳಸುವ ಅದೇ 'ಆಟ್'. ಮುಂದೆ ಇನ್ನೊಂದು ಕ್ರಿಯಾಪದವೇ ಇಲ್ಲ. ಅಚ್ಚಿನ ದೋಷ ಇರಬೇಕು, 'ಕೊಡು' ಬಿಟ್ಟುಹೋಗಿದೆ ಅಂದುಕೊಂಡೆ. ಮನಸ್ಸಲ್ಲೇ ಅದನ್ನು ಸೇರಿಸಿಕೊಂಡು, 'ನೀವು ಅವನಿಗೆ ಸಾವಿರ ಪೌಂಡು ಕೊಡಬೇಕಂತೆ' ಅಂತ ಬರೆದೆ.

ಆಮೇಲೆ ನಿಘಂಟು ನೋಡಿ ನಗು ಬಂತು. ದೋಷ ಏನೂ ಇಲ್ಲ. 'ಆಟ್' ಅನ್ನೋದು 'ಓ'ದ ಭೂತಕಾಲ! 1611ರ ಇಂಗ್ಲಿಷ್ ಬೈಬಲಿನಲ್ಲೂ ಇಬ್ಬರು ಸಾಲಗಾರರ ಕಥೆಯಲ್ಲಿ, ಒಬ್ಬನದು ಐನೂರು ನಾಣ್ಯ, ಇನ್ನೊಬ್ಬನದು ಐವತ್ತು ಅನ್ನುವಲ್ಲಿ ಇದೇ ರೂಪ ಇದೆ. ಸಾಲದ ಪದವೇ ಸವೆದು ಸವೆದು ಕರ್ತವ್ಯದ ಪದ ಆಗಿದೆ. ಅಂದರೆ ನನ್ನ ದಾರಿ ತಪ್ಪು, ಮುಟ್ಟಿದ ಊರು ಸರಿ.

ಯಾಕೆ ಸರಿ ಬಂತು ಅಂತ ಸುಮ್ನೆ ಯೋಚಿಸಿದೆ. ಕನ್ನಡದಲ್ಲಿ 'ಓ'ಗೆ ಒಂದೇ ಪದದ ಕ್ರಿಯಾಪದ ನಾವು ಆಡಲ್ಲ. 'ಅವನು ನನಗೆ ನೂರು ರೂಪಾಯಿ ಕೊಡಬೇಕು' ಅಂತೀವಿ. ನಾವು 'ಬೇಕು' ಇಟ್ಟುಕೊಂಡು ಸಾಲ ಹೇಳುತ್ತೇವೆ, ಅವರು ಸಾಲ ಇಟ್ಟುಕೊಂಡು 'ಬೇಕು' ಹೇಳಿದರು. ಇದೊಂದೇ ಪದ ಇರಬಹುದು ಅಂದುಕೊಂಡಿದ್ದೆ. ಇಲ್ಲ. 'ಆಗಬೇಕು, ಆಗುವುದು' ಅನ್ನೋದಕ್ಕೆ ಬಳಸುವ 'ಶ್ಯಾಲ್' ಕೂಡ ಹಾಗೇ. ಸಾವಿರ ವರ್ಷದ ಹಿಂದಿನ ಇಂಗ್ಲಿಷ್ ಸುವಾರ್ತೆಯಲ್ಲಿ ಮೇಸ್ತ್ರಿ ಸಾಲಗಾರನನ್ನು 'ನಮ್ಮ ಧಣಿಗೆ ಎಷ್ಟು ಕೊಡಬೇಕು?' ಅಂತ ಕೇಳುವಾಗ ಬರೋದು ಇದೇ ಪದದ ಹಳೆಯ ರೂಪ. ಸಾಲ ತಗೊಳ್ಳುವುದು ಅನ್ನೋ ಅರ್ಥದ ಇಂಗ್ಲಿಷಿನ 'ಬಾರೋ' ಕೂಡ ಮೂಲದಲ್ಲಿ ಹೊಣೆಯ ಪದ. ನಮ್ಮ 'ಹೊಣೆ' ಹಾಗೇ ಅಲ್ವಾ? ಸಾಲಕ್ಕೆ ಜಾಮೀನು ನಿಂತವನೂ ಹೊಣೆ, ಮನೆ ನೋಡಿಕೊಳ್ಳುವವನದೂ ಹೊಣೆ.

ಹಾಗಂತ ಎಲ್ಲ ಪದ ಇಷ್ಟು ಆಳ ಇರಲ್ಲ. ಸಾಲ ಅನ್ನೋ ಅರ್ಥದ 'ಡೆಟ್'ನಲ್ಲಿ ಕೇಳಿಸದೆ ಕೂತಿರುವ ಬಿ ಅಕ್ಷರ ಬರೀ ಪಂಡಿತರ ಚಟ. ಫ್ರೆಂಚಿನಿಂದ ಬಂದಾಗ ಅದು ಇರಲಿಲ್ಲ, ಲ್ಯಾಟಿನ್ ನೋಡಿ ಆಮೇಲೆ ತುರುಕಿದರು. ಆ ಬಿ ಉಚ್ಚರಿಸಲೇಬೇಕು ಅಂತ ಹಟ ಹಿಡಿಯುವ ಮೇಷ್ಟ್ರನ್ನು ಷೇಕ್ಸ್‌ಪಿಯರ್ ಇನ್ನೊಂದು ನಾಟಕದಲ್ಲಿ ಚೆನ್ನಾಗಿ ಗೇಲಿ ಮಾಡಿದ್ದಾನೆ.

ನೋಟ್‌ಬುಕ್ಕಿನ ಬಲಗಡೆ ನಾನೇ ಒಂದು ನಿಯಮ ಹಾಕಿಕೊಂಡೆ: ಹೆಂಡದಂಗಡಿಯಲ್ಲಿ 'ಋಣ' ಬರಕೂಡದು. ಅನ್ನದ ಋಣ, ತಾಯಿಯ ಋಣ ಇವೆಲ್ಲ ದುಡ್ಡಿಗೆ ತೀರುವಂಥವಲ್ಲ. ಫಾಲ್‌ಸ್ಟಾಫ್‌ನ ಬಾಯಲ್ಲಿ ಅದು ಬಂದರೆ ಅವನು ಸಂತ ಆಗಿಬಿಡುತ್ತಾನೆ. ಒಂದು ಕಡೆ ಮಾತ್ರ ಕೈ ತುರಿಸಿತು. ಯುದ್ಧಕ್ಕೆ ಮುಂಚೆ, ದೇವರಿಗೆ ನೀನೊಂದು ಸಾವು ಕೊಡಬೇಕಲ್ಲ ಅಂತ ಹ್ಯಾಲ್ ಫಾಲ್‌ಸ್ಟಾಫ್‌ಗೆ ಹೇಳಿ ಹೋಗುತ್ತಾನೆ. ಸಾವಿನ 'ಡೆತ್' ಸಾಲದ 'ಡೆಟ್' ಎರಡೂ ಆಗಿನವರ ಕಿವಿಗೆ ಹತ್ತಿರ ಹತ್ತಿರ. ಆ ಚಮತ್ಕಾರ ಕನ್ನಡಕ್ಕೆ ಹೇಗೆ ತರೋದು? 'ಋಣ ತೀರಿತು' ಅಂತ ಬರೆದು, ಹೊಡೆದುಹಾಕಿದೆ. ಮೂರು ದಿನ ಹಾಗೇ ಬಿಟ್ಟೆ. ಹೊಡೆದ ಗೀಟಿನ ಕೆಳಗೇ ಉತ್ತರ ಇತ್ತು. 'ಋಣ' ಬೇಡ, 'ತೀರು' ಸಾಕು. ಈಗ ರಂಗಪ್ರತಿಯಲ್ಲಿ ಹೀಗಿದೆ:

"ದೇವರ ಹತ್ರ ಒಂದು ಸಾವು ಬಾಕಿ ಇಟ್ಟಿದ್ದೀಯಲ್ಲ."

"ವಾಯಿದೆ ಇನ್ನೂ ಬಂದಿಲ್ಲ ಸ್ವಾಮಿ. ಅದಕ್ಕೆ ಮುಂಚೆ ತೀರಿಸೋಕೆ ಹೋಗಿ ನಾನೇ ತೀರಿಹೋಗ್ಲಾ?"